ಸುಬ್ಬಿಗೆ ಎಷ್ಟು ಚಿಕಿತ್ಸೆ, ಎಲ್ಲಿಯವರೆಗೆ

ಹದಿನಾಲ್ಕು ತುಂಬಿದ ಮೇಲೆ ನಮ್ಮ ಬೆಕ್ಕು ಸುಬ್ಬಿ ಇಳಿಯತೊಡಗಿದಳು. 4.2 ಕೆಜಿ ಇದ್ದವಳು 3.3ಕ್ಕೆ ಬಂದಳು. ಊಟ ಬಿಟ್ಟಿರಲಿಲ್ಲ, ಆಗಾಗ ವಾಂತಿ ಅಷ್ಟೆ. ವಯಸ್ಸಾಯಿತಲ್ಲ ಎಂದರು ಮನೆಯವರು. ನನಗೆ ಥೈರಾಯ್ಡ್ ಗುಮಾನಿ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಕ್ರಿಯಾಟಿನಿನ್ 2.4, ಅಂದರೆ ಕಿಡ್ನಿ ತೊಂದರೆ ಎರಡನೇ ಹಂತದಲ್ಲಿ. ಸ್ಕ್ಯಾನ್ ಮಾಡಿದಾಗ ಸಣ್ಣ ಕರುಳಿನ ಗೋಡೆ ದಪ್ಪವಾಗಿತ್ತು, ಪಕ್ಕದ ದುಗ್ಧಗ್ರಂಥಿ ಊದಿತ್ತು. ಗ್ರಂಥಿಗೆ ಸೂಜಿ ಚುಚ್ಚಿ ತೆಗೆದ ಮಾದರಿಯಲ್ಲಿ ಒಂದು ಬಗೆಯ ಬಿಳಿರಕ್ತಕಣಗಳಾದ ಚಿಕ್ಕ ಲಿಂಫೋಸೈಟ್‌ಗಳೇ ತುಂಬಿದ್ದವು.

ಸ್ಮಾಲ್ ಸೆಲ್ ಲಿಂಫೋಮಾ, ಅಂದರೆ ಆ ಕಣಗಳದೇ ನಿಧಾನವಾಗಿ ಬೆಳೆಯುವ ಕ್ಯಾನ್ಸರ್, ಇರಬಹುದು, ಕರುಳಿನ ಹಳೆಯ ಉರಿಯೂತವೂ ಇರಬಹುದು, ಖಚಿತವಾಗಬೇಕಾದರೆ ಹೊಟ್ಟೆ ತೆರೆದು ಬಯಾಪ್ಸಿ ಮಾಡಬೇಕು ಎಂದರು ಡಾಕ್ಟರು. ನಾನು ಕೇಳಿದ್ದು ಒಂದೇ: ಬಯಾಪ್ಸಿಯಲ್ಲಿ ಏನೇ ಬಂದರೂ ನೀವು ನಾಳೆ ಕೊಡುವ ಔಷಧ ಬದಲಾಗುತ್ತದಾ? ಅವರು ಸ್ವಲ್ಪ ಯೋಚಿಸಿ, ಎರಡಕ್ಕೂ ಮೊದಲು ಕೊಡುವುದು ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್, ಲಿಂಫೋಮಾ ಆದರೆ ಜೊತೆಗೆ ಕ್ಲೋರಾಂಬುಸಿಲ್ ಎಂಬ ಕೀಮೋ ಮಾತ್ರೆ, ಉರಿಯೂತ ಬಗ್ಗದಿದ್ದರೆ ಅದಕ್ಕೂ ಅದೇ ಎಂದರು. ಆದರೆ ಸ್ಟೆರಾಯ್ಡ್ ಶುರು ಮಾಡಿದ ಮೇಲೆ ಬಯಾಪ್ಸಿ ಮಾಡಿಸಿದರೆ ಫಲಿತಾಂಶ ಗೋಜಲಾಗುತ್ತದೆ, ಈಗಲೇ ನಿರ್ಧರಿಸಿ ಎಂದೂ ಎಚ್ಚರಿಸಿದರು.

ಮುದಿ ಕಿಡ್ನಿಯ ಬೆಕ್ಕಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು, ಕೊನೆಗೆ ಅದೇ ಮಾತ್ರೆ ಕೊಡುವುದಾದರೆ ನನಗೆ ಬೇಡವೆನಿಸಿತು. ಎಂಟು ವರ್ಷದ ಗಟ್ಟಿ ಬೆಕ್ಕಾಗಿದ್ದರೆ ಮಾಡಿಸುತ್ತಿದ್ದೆ. ಬೇಗ ಹಬ್ಬುವ ಲಾರ್ಜ್ ಸೆಲ್ ಲಿಂಫೋಮಾ ಆಗಿದ್ದರೆ ಡ್ರಿಪ್ ಕೀಮೋ ಹಿಡಿಸಿದರೂ ಬಹಳಷ್ಟು ಬೆಕ್ಕುಗಳಿಗೆ ಸಿಗುವುದು ತಿಂಗಳ ಲೆಕ್ಕದ ಆಯಸ್ಸು. ಆಗ ಬರೀ ಸ್ಟೆರಾಯ್ಡ್‌ಗೆ ನಿಲ್ಲಿಸುತ್ತಿದ್ದೆ. ಸ್ಮಾಲ್ ಸೆಲ್ ಹಾಗಲ್ಲ, ಮಾತ್ರೆಯಲ್ಲೇ ಎರಡು ವರ್ಷ ಚೆನ್ನಾಗಿ ಬಾಳಿದ ಬೆಕ್ಕುಗಳು ಎಷ್ಟೋ ಇವೆ.

'ಬೆಕ್ಕಿಗೆ ಕೀಮೋನಾ?' ಎಂದು ಯಜಮಾನರು ಹುಬ್ಬೇರಿಸಿದರು. ಆಸ್ಪತ್ರೆಯಲ್ಲಿ ಮಲಗಿಸುವುದೇನೂ ಇರಲಿಲ್ಲ. ಕ್ಲೋರಾಂಬುಸಿಲ್‌ನ 2 ಮಿಲಿಗ್ರಾಂ ಮಾತ್ರೆ, ಸುಬ್ಬಿಗೆ ದಿನ ಬಿಟ್ಟು ದಿನ. ಮನುಷ್ಯರ ಕ್ಯಾನ್ಸರ್ ಔಷಧದ ಅಂಗಡಿಯಿಂದ ತರಿಸಿ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಅದನ್ನು ಮುರಿಯಬಾರದು, ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು ಹಾಕಿ ಖಾಲಿ ಜೆಲಾಟಿನ್ ಕ್ಯಾಪ್ಸೂಲಿಗೆ ಇಳಿಸಿ, ಮೇಲೆ ತುಪ್ಪ ಸವರಿ, ನಾಲಿಗೆಯ ಬುಡಕ್ಕೆ ತಳ್ಳಿ, ಹಿಂದೆಯೇ ಸಿರಿಂಜಿನಲ್ಲಿ ಒಂದಿಷ್ಟು ನೀರು. ನೀರು ಕುಡಿಸದಿದ್ದರೆ ಕ್ಯಾಪ್ಸೂಲು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು. ಬಸುರಿ ತಂಗಿ ಮನೆಗೆ ಬಂದಾಗ ಮಲದ ಟ್ರೇ ಮುಟ್ಟಲು ಬಿಡುತ್ತಿರಲಿಲ್ಲ. ಆಗಾಗ ರಕ್ತಕಣಗಳ ಎಣಿಕೆ, ಜೊತೆಗೆ ಬಿ12 ಇಂಜೆಕ್ಷನ್. ಕೂದಲು ಉದುರಲಿಲ್ಲ. ತೂಕ 3.7ಕ್ಕೆ ಹತ್ತಿತು.

ಎಲ್ಲಿ ನಿಲ್ಲಿಸುವುದೆಂದು ಮೊದಲ ಮಾತ್ರೆಗೂ ಮುಂಚೆಯೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಕಷ್ಟದ ದಿನ ಬಂದಾಗ ಬುದ್ಧಿ ನೆಟ್ಟಗಿರುವುದಿಲ್ಲ ಎಂದು ನನಗೆ ಗೊತ್ತು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರ ಒಂದು ಅಳತೆಪಟ್ಟಿ ಇದೆ: ನೋವು, ಹಸಿವು, ಮೈಯ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ ಎಂಬ ಪ್ರಶ್ನೆ. ಏಳಕ್ಕೂ ಹತ್ತರಲ್ಲಿ ಅಂಕ, ಒಟ್ಟು 35 ದಾಟಿದರೆ ಮುಂದುವರಿಸಬಹುದು. ಒಳ್ಳೆಯದೇ, ಆದರೆ ಅಂಕ ಕೊಡುವವರು ನಾವೇ ತಾನೆ? ಆಸೆ ಇದ್ದಲ್ಲಿ ಆರು ಏಳಾಗಿಬಿಡುತ್ತದೆ. ಅದಕ್ಕೇ ನಾನು ಸುಬ್ಬಿಯದೇ ಮೂರು ಗುರುತು ಹಾಕಿಕೊಂಡೆ. ಮೀನಿನವನ ಹಾರ್ನ್ ಕೇಳಿ ಅಡುಗೆಮನೆ ಬಾಗಿಲಿಗೆ ಬರುವುದು, ಬಿಸಿಲಲ್ಲಿ ಕೂತು ಮೈ ನೆಕ್ಕಿಕೊಳ್ಳುವುದು, ತಾನೇ ನಡೆದು ಟ್ರೇಗೆ ಹೋಗುವುದು. ಎರಡು ತಪ್ಪಿ ವಾರವಾದರೆ ಡಾಕ್ಟರಿಗೆ ಫೋನ್.

ಮರುವರ್ಷದ ಮಳೆಗಾಲದಲ್ಲಿ ಹಾರ್ನ್ ಕೇಳಿ ಕಿವಿ ಮಾತ್ರ ತಿರುಗಿಸಿದಳು. ಬಂಗುಡೆ ಬೇಯಿಸಿ ಮುಂದಿಟ್ಟರೆ ಮೂಸಿ ಮುಖ ತಿರುಗಿಸಿದಳು. ವಾಂತಿ ನಿಲ್ಲಲು ಮಾರೋಪಿಟಂಟ್, ಹಸಿವೆಗೆ ಮಿರ್ಟಜಪೈನ್ ಕೊಟ್ಟು ನೋಡಿದೆವು. ಬೆನ್ನ ಮೇಲೆ ಕೂದಲು ಗಂಟುಕಟ್ಟಿತು. ಕತ್ತಿನಲ್ಲಿ ಟ್ಯೂಬ್ ಹಾಕಿ ಉಣಿಸುವ ದಾರಿ ಇದೆ ಎಂದು ಡಾಕ್ಟರು ಹೇಳಿದರು, ಹೇಳುವುದು ಅವರ ಕರ್ತವ್ಯ. ಬೇಡವೆಂದೆ. ಅವರೇ ಮನೆಗೆ ಬಂದು ಮೊದಲು ಮತ್ತಿನ ಸೂಜಿ, ಅವಳು ಮಲಗಿದ ಮೇಲೆ ಎರಡನೆಯದು ಕೊಟ್ಟರು.

ಟ್ಯೂಬ್ ಹಾಕಿಸಿದ್ದರೆ ಇನ್ನೊಂದು ತಿಂಗಳು ಸಿಗುತ್ತಿತ್ತು ಎಂದು ತಂಗಿ ಈಗಲೂ ವಾದಿಸುತ್ತಾಳೆ. ಸಿಗುತ್ತಿತ್ತೇನೋ. ಮೀನಿಗೆ ಬರದ ಸುಬ್ಬಿಯನ್ನು ಒಂದು ತಿಂಗಳು ಹಿಡಿದಿಟ್ಟುಕೊಳ್ಳುವುದು ಯಾರಿಗಾಗಿ ಎಂದು ಕೇಳಿದರೆ ಅವಳು ಮಾತು ಬದಲಿಸುತ್ತಾಳೆ.