ಕೆಂಪು ನಕ್ಷತ್ರದ ರೋಹಿತದಲ್ಲಿ ಧರೆ (ಕಡಿದಾದ ಅಂಚು) ಯಾವ ಕಡೆ?

ಆರಿದ್ರಾ ಮಳೆ ಹಿಡಿಯಿತೆಂದರೆ ಶಿರಸಿಯಲ್ಲಿ ವಾರಗಟ್ಟಲೆ ನಕ್ಷತ್ರ ಕಾಣುವುದಿಲ್ಲ. ಆಗ ಕೆಂಪು ನಕ್ಷತ್ರಗಳನ್ನು ವರ್ಗವಾಗಿ ಬೇರ್ಪಡಿಸುವ ನನ್ನ ಕೆಲಸವೆಲ್ಲ ಗಯಾ ಬಾಹ್ಯಾಕಾಶ ದೂರದರ್ಶಕದ ಸಮೀಕ್ಷೆಯ 2022ರ ಡೇಟಾ ಮತ್ತು ಅಂಥ ಪಟ್ಟಿಗಳನ್ನು ತೆರೆದು ನೋಡುವ ಟಾಪ್‌ಕ್ಯಾಟ್ ತಂತ್ರಾಂಶದಲ್ಲಿ.

ಮೊದಲು ಗಯಾ ಭಂಡಾರದಿಂದ ಒಂದು ಡಿಗ್ರಿ ತ್ರಿಜ್ಯದ ಆಕಾಶವನ್ನಷ್ಟೇ ಕೇಳುತ್ತೇನೆ. ಬಿಪಿ–ಆರ್‌ಪಿ ಬಣ್ಣ (ನೀಲಿ ಮತ್ತು ಕೆಂಪು ಬೆಳಕಿನ ಕಾಂತಿಮಾನಗಳ ವ್ಯತ್ಯಾಸ, ಹೆಚ್ಚಿದಷ್ಟೂ ನಕ್ಷತ್ರ ಕೆಂಪು) 1.8ಕ್ಕಿಂತ ಹೆಚ್ಚಿರಬೇಕು. ಪ್ರಶ್ನೆಯನ್ನು ಯಾವಾಗಲೂ ಅಸಿಂಕ್ರನಸ್ ಆಗಿಯೇ, ಅಂದರೆ ಉತ್ತರಕ್ಕೆ ಕಾಯದೆ ಸರ್ವರ್‌ಗೆ ಒಪ್ಪಿಸುವಂತೆ, ಕಳಿಸಿ. ಇಲ್ಲದಿದ್ದರೆ 2000 ಸಾಲಿಗೆ ಪಟ್ಟಿ ತುಂಡಾಗುತ್ತದೆ. ಇನ್ನೊಂದು ಲಾಭ: ನಡುವೆ ಕರೆಂಟು ಹೋದರೂ ಕೆಲಸ ಸರ್ವರ್‌ನಲ್ಲಿ ನಡೆದೇ ಇರುತ್ತದೆ, ಅದರ ವಿಳಾಸ ಬರೆದಿಟ್ಟುಕೊಂಡರೆ ಆಮೇಲೆ ತೆಗೆದುಕೊಳ್ಳಬಹುದು.

ನಕ್ಷತ್ರ ಕುಬ್ಜವೋ ದೈತ್ಯವೋ ಎಂಬುದನ್ನು ಬಣ್ಣ ಹೇಳದು, ನಿಜಕಾಂತಿ (ದೂರದ ಪರಿಣಾಮ ತೆಗೆದ ಕಾಂತಿಮಾನ, ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು) ಹೇಳುತ್ತದೆ. ಮಿಲಿ ಆರ್ಕ್‌ಸೆಕೆಂಡಿನಲ್ಲಿರುವ ಪ್ಯಾರಲಾಕ್ಸ್‌ನ (ಭೂಮಿ ಸುತ್ತುವಾಗ ನಕ್ಷತ್ರ ಜರುಗಿದಂತೆ ಕಾಣುವ ಕೋನ, ದೂರ ಹೆಚ್ಚಿದಷ್ಟೂ ಕಡಿಮೆ) ಲಾಗ್ ತೆಗೆದು ಐದರಿಂದ ಗುಣಿಸಿ, ಗಯಾ ಅಳೆದ ಜಿ ಕಾಂತಿಮಾನಕ್ಕೆ ಕೂಡಿಸಿ, 10 ಕಳೆಯಿರಿ. ಬರ್ನಾರ್ಡ್ ನಕ್ಷತ್ರಕ್ಕೆ ಜಿ 8.2, ಪ್ಯಾರಲಾಕ್ಸ್ 547. ಉತ್ತರ ಸುಮಾರು 11.9, ಅಂದರೆ ಕುಬ್ಜ. ಜಿ 11, ಪ್ಯಾರಲಾಕ್ಸ್ 0.4 ಇದ್ದರೆ ಉತ್ತರ ಸುಮಾರು −1, ದೈತ್ಯ. ಪ್ಯಾರಲಾಕ್ಸ್ ತನ್ನ ದೋಷದ ಹತ್ತು ಪಟ್ಟಿರಲಿ ಎಂಬ ಜರಡಿ ಕುಬ್ಜಗಳಿಗೆ ಒಳ್ಳೆಯದು. ದೂರದ ದೈತ್ಯಗಳು ಅದರಲ್ಲೇ ಕಳೆದುಹೋಗುತ್ತವೆ, ಅವಕ್ಕೆ ಸಡಿಲಿಸಲೇಬೇಕು. ತೀರಾ ಮಸುಕಾದ ಕೆಂಪು ಕುಬ್ಜಗಳಲ್ಲಿ ಬಿಪಿ ಬೆಳಕು ಇರುವುದಕ್ಕಿಂತ ಹೆಚ್ಚಾಗಿ ದಾಖಲಾಗಿ ನಕ್ಷತ್ರ ಅಷ್ಟು ಕೆಂಪಲ್ಲ ಎನಿಸುತ್ತದೆ. ಅಲ್ಲಿ ಜಿ–ಆರ್‌ಪಿಯನ್ನೇ ನಂಬುತ್ತೇನೆ.

ವರ್ಗ ಖಚಿತವಾಗುವುದು ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗಾಂತರದ ಪ್ರಕಾರ ಹರಡಿದ ನಕ್ಷೆಯಲ್ಲಿ. ರೋಹಿತ ಸಂಗ್ರಹಿಸುವ ಸಮೀಕ್ಷೆಗಳಾದ ಲ್ಯಾಮಾಸ್ಟ್ ಅಥವಾ ಎಸ್‌ಡಿಎಸ್‌ಎಸ್‌ನದು ಸಿಕ್ಕರೆ ಮೊದಲು ತರಂಗಾಂತರ 5165 ಆಂಗ್‌ಸ್ಟ್ರಾಂ ಸುತ್ತ ನೋಡಿ. ಇಂಗಾಲದ ಅಣು ಬೆಳಕು ಹೀರುವ ಸ್ವಾನ್ ಪಟ್ಟಿಯ ಅಂಚು ಅಲ್ಲೇ, ಟೈಟೇನಿಯಂ ಆಕ್ಸೈಡಿನದು 5167ರಲ್ಲಿ. ನಕ್ಷತ್ರ ಸೆಕೆಂಡಿಗೆ 100 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ ಅಂಚು ಸುಮಾರು ಈ ಎರಡರ ನಡುವಿನ ಅಂತರದಷ್ಟೇ ಜರುಗುತ್ತದೆ. ಹಾಗಾಗಿ ಅಂಕಿ ನೋಡಿ ತೀರ್ಮಾನಿಸಬೇಡಿ. ಇಳಿಜಾರು ನೋಡಿ. ಟೈಟೇನಿಯಂ ಆಕ್ಸೈಡಿನಲ್ಲಿ ನಕ್ಷೆಯ ಗೆರೆ ನೀಲಿ ಕಡೆಯಿಂದ ಬಂದು ಧರೆಯಿಂದ ಬಿದ್ದ ಹಾಗೆ ಇಳಿದು, ಕೆಂಪಿನತ್ತ ನಿಧಾನಕ್ಕೆ ಏರುತ್ತದೆ. ಇಂಗಾಲದಲ್ಲಿ ತಿರುವುಮುರುವು: ನಿಧಾನ ಇಳಿದು, ಕೆಂಪು ಕಡೆ ಧರೆಯಂತೆ ಏರುತ್ತದೆ. 1868ರಲ್ಲೇ ಇಟಲಿಯ ಖಗೋಳಜ್ಞ ಸೆಚ್ಚಿ ಕಣ್ಣಿನಿಂದ ನೋಡಿ ಈ ಎರಡನ್ನು ಬೇರ್ಪಡಿಸಿದ್ದು ನನಗೆ ಇಂದಿಗೂ ಬೆರಗು.

ಎರಡೂ ಇಲ್ಲದೆ ಬರೀ ಕೆಂಪಾಗಿದ್ದರೆ ಅದು ಧೂಳಿನ ಹಿಂದಿರುವ ಬಿಸಿ ನಕ್ಷತ್ರವಿರಬಹುದು; ಆಕಾಶಗಂಗೆಯ ಸಮತಲದಲ್ಲಿ ಇಂಥವು ಬಹಳ. ಟೈಟೇನಿಯಂ ಪಟ್ಟಿಗಳ ಜೊತೆ 6474ರಲ್ಲೂ ಧರೆ ಕಂಡರೆ ಅದು ಜಿರ್ಕೋನಿಯಂ ಆಕ್ಸೈಡ್, ಎಸ್ ವರ್ಗದ ಗುರುತು. ಅದನ್ನು ಬೇರೆ ಪಟ್ಟಿಗೆ ಹಾಕುತ್ತೇನೆ.