ಉತ್ತರ ಕೊರಿಯಾದ ಫಲಕ ಹಿಡಿದು ಗೆದ್ದೆ: ನನ್ನ ಅನುಭವ

ಎಂಯುಎನ್ ಎಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ (ಡೆಲಿಗೇಟ್) ವಾದಿಸುವ ಅಣಕು ವಿಶ್ವಸಂಸ್ಥೆ. ಅದರಲ್ಲಿ ಉತ್ತರ ಕೊರಿಯಾ ತೆಗೆದುಕೊಂಡವನು ಬಹುಮಾನದ ಆಸೆ ಬಿಡಬೇಕು ಎಂದು ನಮ್ಮ ಕಾಲೇಜಿನ ಹಿರಿಯರು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ದೊಡ್ಡ ಎಂಯುಎನ್‌ನಲ್ಲಿ ಅದೇ ದೇಶದ ಹೆಸರಿನ ಫಲಕ ಹಿಡಿದು ಬೆಸ್ಟ್ ಡೆಲಿಗೇಟ್ ಆದೆ. ಕೆಲವು ವಾರಗಳ ಬಳಿಕ ಇನ್ನೊಂದು ಕಡೆ, ನಿಶ್ಶಸ್ತ್ರೀಕರಣದ ಸಮಿತಿಯಾದ ಡೈಸೆಕ್‌ನಲ್ಲಿ, ಹೈ ಕಮೆಂಡೇಷನ್ ಎಂಬ ಮನ್ನಣೆ ಬಂತು. ಹಾಗಾಗಿ ಈಗ ಬರೆಯುವ ಧೈರ್ಯ ಮಾಡಿದ್ದೇನೆ. ಪೊಸಿಷನ್ ಪೇಪರ್ (ದೇಶದ ನಿಲುವಿನ ಬರಹ), ಕಾಕಸ್ (ಸಭೆಯ ನಡುವಿನ ಚರ್ಚೆ), ಚಿಟ್ (ಬರೆದು ದಾಟಿಸುವ ಚೀಟಿ) ಇವೆಲ್ಲ ಆಡುವವರಿಗೆ ಗೊತ್ತಿರುವವೇ. ಅವುಗಳ ಪಾಠ ಇಲ್ಲಿಲ್ಲ.

ಈ ದೇಶ ನನ್ನ ಪಾಲಿಗೆ ಬಂದದ್ದು ದುಡ್ಡಿನ ಕಾರಣಕ್ಕೆ. ಹುಬ್ಬಳ್ಳಿಯಿಂದ ಹೋಗುವ ನಮ್ಮಂಥವರಿಗೆ ನೋಂದಣಿ ಶುಲ್ಕ ಎರಡು ಸಾವಿರದ ಮೇಲೆ, ರಾತ್ರಿಯ ರೈಲು, ಬಾಡಿಗೆ ಬ್ಲೇಜರ್‌ಗೆ ದಿನಕ್ಕೆ ಮುನ್ನೂರೈವತ್ತರ ಆಸುಪಾಸು, ಪ್ರಿಂಟ್‌ಔಟು. ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದರೂ ಒಂದು ಸಲಕ್ಕೆ ನಾಲ್ಕೂವರೆ ಸಾವಿರ ಆಗಿಯೇ ತೀರುತ್ತದೆ. ಅಮೆರಿಕ, ರಷ್ಯಾ, ಭಾರತ ಮೊದಲ ದಿನವೇ ಖಾಲಿ. ಕೊನೆಯ ವಾರದಲ್ಲಿ ಉಳಿದ ದೇಶಗಳನ್ನು ಕೆಲವು ಸಂಘಟಕರು ಅರ್ಧ ಶುಲ್ಕಕ್ಕೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಡಿಪಿಆರ್‌ಕೆ (ಉತ್ತರ ಕೊರಿಯಾ) ಇದ್ದೇ ಇರುತ್ತಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಹಿಡಿದೆ, ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ಮೊದಮೊದಲು ಎಲ್ಲರೂ ಆಡುವ ಹಾಗೆಯೇ ಆಡಿದೆ. ಕ್ಷಿಪಣಿಯ ಬೆದರಿಕೆ, ಮೇಜು ಕುಟ್ಟುವುದು, ನಡುವೆ ಎದ್ದು ಹೊರನಡೆಯುವುದು. ಯಕ್ಷಗಾನದ ಹಾಸ್ಯಗಾರನಿಗೆ ಸಿಗುವಷ್ಟು ಚಪ್ಪಾಳೆ ಸಿಕ್ಕಿತು; ಸಭೆ ನಡೆಸಿ ಅಂಕ ಕೊಡುವ ಎಕ್ಸಿಕ್ಯುಟಿವ್ ಬೋರ್ಡಿನವರು ನಕ್ಕರು, ಅಂಕ ಮಾತ್ರ ಫ್ರಾನ್ಸಿಗೆ ಹೋಯಿತು. ಮುಂದಿನ ಸಲ ಇದಕ್ಕೆ ತದ್ವಿರುದ್ಧ ಮಾಡಿ ನೋಡಿದೆ. ಮೃದುವಾಗಿ ಮಾತನಾಡಿ, ತಪಾಸಣೆಗೂ ಒಪ್ಪಿ, ದೇಶಗಳ ದೊಡ್ಡ ಬ್ಲಾಕ್ ಸೇರಿ, ನಿರ್ಣಯದ ಡ್ರಾಫ್ಟಿಗೆ ಸಹಿ ಹಾಕಿದೆ. ಬೋರ್ಡಿನಿಂದ ಒಂದೇ ಸಾಲಿನ ಚಿಟ್ ಬಂತು: ಇದು ನಿಮ್ಮ ದೇಶದ ನೀತಿಯೇ? ಆ ದಿನ ಉತ್ತರ ಕೊರಿಯಾದ ಹೆಸರಿನಲ್ಲಿ ಸ್ವಿಟ್ಜರ್ಲೆಂಡ್ ಮಾತನಾಡಿತ್ತು. ಎರಡೂ ಸಲ ದುಡ್ಡು ನೀರುಪಾಲು.

ಆಮೇಲೆ ಹಿಡಿದ ದಾರಿ ಸರಳ, ಆದರೆ ಬೇಸರ ತರಿಸುವಂಥದ್ದು. ಆ ದೇಶದ ರಾಯಭಾರಿಗಳು ಭದ್ರತಾ ಮಂಡಳಿಗೆ ಬರೆದ ಪತ್ರಗಳು, ಸಾಮಾನ್ಯ ಸಭೆಯ ಭಾಷಣಗಳು, ಆ ದೇಶದ ಸುದ್ದಿಸಂಸ್ಥೆ ಕೆಸಿಎನ್‌ಎ ಹೇಳಿಕೆಗಳು, ಇವನ್ನೆಲ್ಲ ಕುಳಿತು ಓದಿದೆ. ಭಾಷೆ ಒರಟು, ನಿಜ. ಅದರ ಕೆಳಗೆ ವಕೀಲನ ಲೆಕ್ಕಾಚಾರವಿದೆ. ನಮ್ಮ ಸರ್ಕ್ಯೂಟಿನಲ್ಲಿ ಬೋರ್ಡಿನವರು ಆಧಾರ ಕೇಳಿದರೆ ರಾಯಿಟರ್ಸ್, ವಿಶ್ವಸಂಸ್ಥೆಯ ದಾಖಲೆ, ಸರ್ಕಾರಿ ಮೂಲ, ಇವು ಮೂರೇ ನಡೆಯುತ್ತವೆ. ಕೆಸಿಎನ್‌ಎ ಸರ್ಕಾರಿ ಸಂಸ್ಥೆ. ನಮ್ಮ ನಿಲುವು ಇದು ಎಂದು ತೋರಿಸಲು ಅದಕ್ಕಿಂತ ಗಟ್ಟಿ ಆಧಾರವಿಲ್ಲ. ಎದುರಿನವರು ಪತ್ರಿಕೆಯ ಅಂಕಣ ಹಿಡಿದು ಒದ್ದಾಡುವಾಗ ನನ್ನ ಕೈಯಲ್ಲಿ ನೇರವಾದ ಹಾಳೆ ಇರುತ್ತಿತ್ತು.

ಹೊರನಡೆಯುವುದನ್ನೂ ಅವರಿಂದಲೇ ಕಲಿತೆ. 2006ರ ಅಕ್ಟೋಬರ್ 14ರಂದು ಉತ್ತರ ಕೊರಿಯಾದ ಮೇಲೆ ನಿರ್ಬಂಧ ಹೇರುವ ಭದ್ರತಾ ಮಂಡಳಿಯ 1718ನೇ ನಿರ್ಣಯ ಅಂಗೀಕಾರವಾದಾಗ ಅವರ ರಾಯಭಾರಿ ಮೊದಲು ತನ್ನ ಹೇಳಿಕೆ ಓದಿದರು, ನಿರ್ಣಯವನ್ನು ಸಂಪೂರ್ಣವಾಗಿ ತಿರಸ್ಕರಿಸುತ್ತೇವೆ ಎಂದರು, ಆಮೇಲೆ ಎದ್ದು ಹೋದರು. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಭಾಷಣಕ್ಕೆ ಮುನ್ನ ರಾಯಭಾರಿ ಹೊರಟರೂ ಕಿರಿಯ ಅಧಿಕಾರಿಯೊಬ್ಬರು ಟಿಪ್ಪಣಿ ಬರೆದುಕೊಳ್ಳಲು ಕುಳಿತೇ ಇದ್ದರು. ಹೇಳದೆ ಹೋಗಬೇಡ, ಹೋದರೂ ಕಿವಿ ಬಿಟ್ಟು ಹೋಗು. ಒಂದು ದೇಶಕ್ಕೆ ಇಬ್ಬರು ಕೂರುವ ಡಬಲ್ ಡೆಲಿಗೇಷನ್ ಇದ್ದಾಗ ನನ್ನ ಜೊತೆಗಾರನನ್ನು ಹೀಗೆ ಕೂರಿಸಿದ್ದು ಬಹಳ ಉಪಯೋಗಕ್ಕೆ ಬಂತು.

ಡೈಸೆಕ್‌ನಲ್ಲಿ ಕೆಲಸ ಮಾಡಿದ್ದು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವಾದ ಎನ್‌ಪಿಟಿಯ ದಿನಗಣನೆ. ಹತ್ತನೇ ವಿಧಿಯ ಪ್ರಕಾರ ಒಪ್ಪಂದದಿಂದ ಹೊರಹೋಗಲು ಮೂರು ತಿಂಗಳ ನೋಟಿಸ್ ಬೇಕು. 1993ರ ಮಾರ್ಚ್ 12ರಂದು ಉತ್ತರ ಕೊರಿಯಾದವರು ನೋಟಿಸ್ ಕೊಟ್ಟರು. ಗಡುವಿಗೆ ಒಂದು ದಿನ ಉಳಿದಿರುವಾಗ, ಜೂನ್ 11ಕ್ಕೆ, ಅದನ್ನು ಅಮಾನತಿನಲ್ಲಿಟ್ಟರು. 2003ರ ಜನವರಿ 10ರಂದು ಅಮಾನತನ್ನು ತೆರವು ಮಾಡಿ, ಉಳಿದದ್ದು ಒಂದೇ ದಿನ, ನಾಳೆಯಿಂದ ನಾವು ಹೊರಗೆ ಎಂದರು. ಇದನ್ನು ಒಪ್ಪದ ದೇಶಗಳು ಬಹಳ, ಆದರೆ ಸದಸ್ಯ ರಾಷ್ಟ್ರಗಳು ಒಟ್ಟಾಗಿ ತೀರ್ಮಾನವನ್ನೇ ಕೊಡದೆ, ಅವರ ನಾಮಫಲಕವನ್ನು ಸಭಾಧ್ಯಕ್ಷರ ವಶಕ್ಕೆ ಕೊಟ್ಟು ಸುಮ್ಮನಾದವು. ನಾನು ಇದನ್ನು ಎತ್ತಿದಾಗ ಅಮೆರಿಕದ ಡೆಲಿಗೇಟ್ ಬಳಿ ಒಪ್ಪಂದದ ಪ್ರತಿಯೇ ಇರಲಿಲ್ಲ. ಜೊತೆಗೆ ಅಮೆರಿಕ ಮಾತು ಕೊಟ್ಟ 1994ರ ಜಿನೀವಾ ಒಪ್ಪಂದ: ವರ್ಷಕ್ಕೆ ಐದು ಲಕ್ಷ ಟನ್ ಇಂಧನ ತೈಲ, 2003ರ ಗುರಿಯಿಟ್ಟುಕೊಂಡು ಎರಡು ಲಘು ಜಲ ರಿಯಾಕ್ಟರ್. ರಿಯಾಕ್ಟರ್‌ಗಳು ಎಂದೂ ಮುಗಿಯಲಿಲ್ಲ. ಎಲ್ಲಿ ನಿಮ್ಮ ರಿಯಾಕ್ಟರ್ ಎಂಬ ಒಂದೇ ಪ್ರಶ್ನೆಯನ್ನು ದಿನವಿಡೀ ಕೇಳಿದೆ. ನೀವು ಗುಟ್ಟಾಗಿ ಯುರೇನಿಯಂ ಪುಷ್ಟೀಕರಣ ಮಾಡಿದಿರಿ ಎಂಬ ಆರೋಪ ವಾಪಸ್ಸು ಬರುತ್ತದೆ, ಅದಕ್ಕೂ ತಯಾರಿರಬೇಕು. ಬರಿಯ ಪ್ರಶ್ನೆ ಸಾಲದು, ಕೈಯಲ್ಲಿ ಒಂದು ಪ್ರಸ್ತಾವವೂ ಇರಬೇಕು: ಅಮೆರಿಕ ಮತ್ತು ದಕ್ಷಿಣ ಕೊರಿಯಾ ಜಂಟಿ ಸಮರಾಭ್ಯಾಸ ನಿಲ್ಲಿಸಿದರೆ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸುತ್ತೇವೆ ಎಂದು 2015ರ ಜನವರಿಯಲ್ಲಿ ಅವರೇ ಹೇಳಿದ್ದರು. ಅದನ್ನು ಮುಂದಿಟ್ಟ ಮೇಲೆ ಹಟಮಾರಿ ಎಂಬ ಹಣೆಪಟ್ಟಿ ಎದುರಿನವರಿಗೆ ಅಂಟಿತು.

ಬಹುಮಾನ ತಂದುಕೊಟ್ಟದ್ದು ಮಾತ್ರ ಮಾನವ ಹಕ್ಕಿನ ವಿಷಯ ನೋಡುವ ಮೂರನೇ ಸಮಿತಿ. ವಿಷಯ ನನ್ನದೇ ದೇಶದ ಮಾನವ ಹಕ್ಕು. ಇಂಥ ಕಡೆ ನೀನು ಆರೋಪಿ, ಸುಮ್ಮನೆ ಹೊಡೆತ ತಿನ್ನಬೇಕು ಎಂದು ನಮ್ಮ ಕಾಲೇಜಿನ ಎಂಯುಎನ್ ಸೊಸೈಟಿಯ ಅಧ್ಯಕ್ಷರು ಹೇಳಿ ಕಳುಹಿಸಿದ್ದರು. 2014ರ ನವೆಂಬರ್‌ನಲ್ಲಿ ನಿಜವಾದ ಮೂರನೇ ಸಮಿತಿಯಲ್ಲಿ ನಡೆದದ್ದನ್ನು ನಾನು ಓದಿಕೊಂಡಿದ್ದೆ. ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಯ್ಯುವ ಮಾತನ್ನು ಕರಡಿನಿಂದ ತೆಗೆಸುವ ತಿದ್ದುಪಡಿಯನ್ನು ತಂದದ್ದು ಉತ್ತರ ಕೊರಿಯಾ ಅಲ್ಲ, ಕ್ಯೂಬಾ. ಪರ 40, ವಿರೋಧ 77, ತಟಸ್ಥ 50. ಬಿದ್ದುಹೋಯಿತು, ಆದರೆ ಎಷ್ಟು ದೇಶಗಳಿಗೆ ಒಂದೊಂದೇ ದೇಶವನ್ನು ಕಟಕಟೆಗೆ ತರುವ ನಿರ್ಣಯಗಳ ಮೇಲೆ ಮುನಿಸಿದೆ ಎಂಬುದು ಹೊರಬಿತ್ತು. ನಾನು ಮಧ್ಯಾಹ್ನದ ಊಟದ ಸಾಲಿನಲ್ಲಿ ಕ್ಯೂಬಾದ ಹುಡುಗಿಯನ್ನು ಹಿಡಿದೆ. ಮಂಗಳೂರು ಕಡೆಯವರು, ಚುರುಕಾದವರು. ತಿದ್ದುಪಡಿ ಅವರದು, ಕಾಗದಪತ್ರ ನನ್ನದು. ಅಲಿಪ್ತ ಚಳವಳಿಯ ದೇಶಗಳನ್ನು ಒಬ್ಬೊಬ್ಬರಾಗಿ ಮಾತನಾಡಿಸಿದೆವು. ಉತ್ತರ ಕೊರಿಯಾ 1975ರಿಂದ ಅದರ ಸದಸ್ಯ ಎಂಬುದೇ ಅರ್ಧ ಜನರಿಗೆ ಹೊಸ ಸುದ್ದಿ. ಎಪ್ಪತ್ತು ಜನರ ಸಮಿತಿಯಲ್ಲಿ ನಮ್ಮ ತಿದ್ದುಪಡಿ ಐದಾರು ಮತಗಳಿಂದ ಬಿತ್ತು. ಅಸಲಿ ವಿಶ್ವಸಂಸ್ಥೆಗಿಂತ ನಮ್ಮ ಅನುಪಾತ ಚೆನ್ನಾಗಿತ್ತು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ.

ಕ್ಯೂಬಾ ಒಪ್ಪಿಕೊಂಡದ್ದಕ್ಕೆ ಪ್ರತಿಯಾಗಿ ನಾನು ಕೊಟ್ಟದ್ದೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಈ ವರ್ಷ ನಮ್ಮ ಕಿರಿಯರು ಅದೇ ಚೌಕಾಸಿ ಮಾಡಬೇಕಿದೆ.

ಒಂದು ಗೋಡೆ ಮಾತ್ರ ಒಡೆಯಲಿಲ್ಲ. ವಿಶ್ವಸಂಸ್ಥೆಯ ತನಿಖಾ ಆಯೋಗದ 2014ರ ವರದಿ ಉತ್ತರ ಕೊರಿಯಾದ ರಾಜಕೀಯ ಕೈದಿಗಳ ಶಿಬಿರಗಳಲ್ಲಿ 80,000ದಿಂದ 1,20,000 ಜನ ಇದ್ದಾರೆ ಎಂದು ಅಂದಾಜು ಮಾಡಿತ್ತು. ಈ ದೇಶ ತೆಗೆದುಕೊಳ್ಳುವವರು ಆ ವರದಿಯನ್ನು ಎದುರಾಳಿಗಿಂತ ಮೊದಲು, ಸಾಕ್ಷಿಗಳ ಮಾತಿನ ಸಮೇತ ಓದಬೇಕು. ಓದಿದ ಮೇಲೆ ಕ್ಷಿಪಣಿಯ ತಮಾಷೆ ಬಾಯಿಗೆ ಬರುವುದಿಲ್ಲ. ಸಮಿತಿಯಲ್ಲಿ ನಾನು ಅಧಿಕೃತ ನಿಲುವನ್ನೇ ಹೇಳಿದೆ: ಅಂಥ ಶಿಬಿರಗಳಿಲ್ಲ, ಆಯೋಗ ನಮ್ಮ ನೆಲಕ್ಕೆ ಕಾಲಿಡದೆ ವರದಿ ಬರೆದಿದೆ. ಬಾಗಿಲು ಹಾಕಿದವರು ಯಾರು ಎಂದು ಆಸ್ಟ್ರೇಲಿಯಾ ಕೇಳಿತು. ಅದಕ್ಕೆ ಉತ್ತರವಿಲ್ಲ, ಅಸಲಿ ರಾಯಭಾರಿಯ ಬಳಿಯೂ ಇಲ್ಲ. ನಾನು ಅಂಗವಿಕಲರ ಹಕ್ಕುಗಳ ವಿಷಯಕ್ಕೆ ಸರಿದೆ. 2016ರಲ್ಲಿ ಅವರು ಆ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಸ್ಥಿರೀಕರಿಸಿ, 2017ರ ಮೇ ತಿಂಗಳಲ್ಲಿ ಅದೇ ಹಕ್ಕುಗಳನ್ನು ನೋಡುವ ವಿಶ್ವಸಂಸ್ಥೆಯ ವಿಶೇಷ ವರದಿಗಾರರನ್ನು ಒಳಗೆ ಬಿಟ್ಟಿದ್ದರು. ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನಲು ಅಷ್ಟು ಸಾಕಾಯಿತು. ಒಪ್ಪಿಸಲು ಸಾಲದು, ಸಮಯ ದಾಟಿಸಲು ಸಾಕು.

ಭಾರತದ ಡೆಲಿಗೇಟನ್ನು ಒಲಿಸಿಕೊಳ್ಳಲು ಮಾಡಿದ ಪ್ರಯೋಗವೊಂದಿದೆ. ಕೊರಿಯಾ ಯುದ್ಧ ನಿಂತ ಮೇಲೆ, ಮರಳಿ ಹೋಗಲೊಪ್ಪದ ಯುದ್ಧಕೈದಿಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಭಾರತೀಯ ಸೈನಿಕರು ತನ್ನ ನೆಲ ತುಳಿಯಕೂಡದು ಎಂದು ಹಟ ಹಿಡಿದದ್ದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ. ಆ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಇದನ್ನು ಹೇಳಿ, ಭಾರತವನ್ನು ಬಾಗಿಲಲ್ಲಿ ನಿಲ್ಲಿಸಿದವರು ನಾವಲ್ಲ ಎಂದೆ. ಮತ ಬರಲಿಲ್ಲ, ತಟಸ್ಥವಾಯಿತು. ನನಗೆ ಅದೇ ಲಾಭ.

ಇದೇ ವಿಧಾನವನ್ನು 1971ರ ಚರ್ಚೆಯನ್ನು ಮತ್ತೆ ಆಡುವ ಐತಿಹಾಸಿಕ ಸಮಿತಿಯೊಂದರಲ್ಲಿ ಅಲ್ಬೇನಿಯಾಕ್ಕೆ ಹಚ್ಚಿದೆ. ಸೋವಿಯತ್ ಮೇಲೆ ಮುನಿದು 1968ರಲ್ಲಿ ವಾರ್ಸಾ ಒಪ್ಪಂದವನ್ನೇ ಬಿಟ್ಟ ದೇಶ, ಬೀಜಿಂಗ್‌ಗೆ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ಕೊಡಿಸುವ ನಿರ್ಣಯಕ್ಕೆ ಮುಂದಾಳು. ಅಲ್ಲಿ 76-35ರಿಂದ ಗೆಲುವು ಚರಿತ್ರೆಯಲ್ಲೇ ಬರೆದಿರುವುದರಿಂದ ಹಟಕ್ಕೆ ಕೆಲಸವಿರಲಿಲ್ಲ, ಬಹುಮಾನವೂ ಬರಲಿಲ್ಲ. ಭಾಷಣವನ್ನು ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತರುವ ಪ್ರಯೋಗ ಮಾತ್ರ ಫಲ ಕೊಟ್ಟಿತು. ತೊಂಬತ್ತು ಸೆಕೆಂಡಿನ ಭಾಷಣದಲ್ಲಿ ಅಲಂಕಾರವೆಲ್ಲ ಉದುರಿ ಹೋಗುತ್ತದೆ.

ಲೆಕ್ಕ ಕೇಳುವವರಿಗೆ: ಗೆದ್ದ ಸಲ ನಗದು ಬಹುಮಾನ ಎಂಟು ಸಾವಿರ ಇತ್ತು, ಕೈಗೆ ಬಂದದ್ದು ಎರಡು ತಿಂಗಳ ನಂತರ. ಹಿಂದಿನ ಸೋಲುಗಳಿಗೆ ಹಾಕಿದ್ದನ್ನೆಲ್ಲ ಕೂಡಿಸಿದರೆ ಇನ್ನೂ ಆರೇಳು ಸಾವಿರ ನಷ್ಟದಲ್ಲೇ ಇದ್ದೇನೆ. ಕೊನೆಯ ವಾರದ ಪಟ್ಟಿಯಲ್ಲಿ ಡಿಪಿಆರ್‌ಕೆ ಈಗ ಉಳಿಯುತ್ತಿಲ್ಲ; ಹೋದ ತಿಂಗಳು ನಮ್ಮ ಕಿರಿಯಳೊಬ್ಬಳು ಅದಕ್ಕೆ ಪೂರ್ತಿ ಶುಲ್ಕ ಕಟ್ಟಬೇಕಾಯಿತು.