ಕೋರ್ಟಿನ ಕಾಗದ ಬಂದರೆ ಏನು ಮಾಡಬೇಕು? (ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ)

ಊರಿನಲ್ಲಿ ಕೋರ್ಟು ಎಂದರೆ ವಾಯಿದೆ ಮೇಲೆ ವಾಯಿದೆ ಅಲ್ವಾ? ಇಲ್ಲಿ ಆ ಅಭ್ಯಾಸ ಬಿಡಿ. ಕಾಗದದಲ್ಲಿರುವ ತಾರೀಕಿನೊಳಗೆ ಉತ್ತರ ಕೊಡಬೇಕು, ಮುಂದಕ್ಕೆ ಹಾಕಿಸಬೇಕಿದ್ದರೆ ಮೊದಲೇ ಕೇಳಬೇಕು. ವಶೀಲಿ ಹುಡುಕುತ್ತಾ ದಿನ ಕಳೆಯಬೇಡಿ.

ಪೊಲೀಸರು ಕಾರು ನಿಲ್ಲಿಸಿದರೆ
- ಇಳಿಯಬೇಡಿ. ಕೈ ಸ್ಟಿಯರಿಂಗ್ ಮೇಲಿರಲಿ.
- ಪೊಲೀಸರು ಕೊಡುವ ಟಿಕೆಟ್‌ಗೆ (ಸಂಚಾರ ನಿಯಮ ಮುರಿದದ್ದಕ್ಕೆ ಬರೆಯುವ ಚೀಟಿ) ಸಹಿ ಹಾಕಿ. ಅದು ತಪ್ಪೊಪ್ಪಿಗೆ ಅಲ್ಲ. ಹಾಕದಿದ್ದರೆ ಬಂಧಿಸಬಹುದು.
- ದುಡ್ಡಿನ ಮಾತು ಎತ್ತಲೇಬೇಡಿ. ಲಂಚ ಕೊಡಲು ಹೋದರೂ ಜೈಲು.

ಮನೆ ಡೆಪಾಸಿಟ್
ಮನೆ ಖಾಲಿ ಮಾಡಿದ 21 ದಿನದೊಳಗೆ ಓನರ್ ಡೆಪಾಸಿಟ್ ವಾಪಸ್ ಕೊಡಬೇಕು. ಹಣ ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಪಟ್ಟಿ ಕೊಡಬೇಕು. ನಮ್ಮ ಮೊದಲ ಮನೆಯ ಓನರ್, ಒಗ್ಗರಣೆ ವಾಸನೆ ಹೋಗುತ್ತಿಲ್ಲ ಎಂದು ಕಾರ್ಪೆಟ್ ಹೆಸರಿನಲ್ಲಿ ಹಣ ಹಿಡಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. "ಹೋಗ್ಲಿ ಬಿಡಿ, ಕೋರ್ಟು ಯಾರು ಅಲೀತಾರೆ" ಎಂದು ಬಿಟ್ಟುಕೊಡುವವರು ನಮ್ಮವರೇ ಜಾಸ್ತಿ. ದುಡಿದ ದುಡ್ಡು, ಯಾಕೆ ಬಿಡಬೇಕು?

ಮೊದಲು ಓನರ್‌ಗೆ ಪತ್ರ ಬರೆದು ಹಣ ಕೇಳಿ. ಬಗ್ಗದಿದ್ದರೆ ಸಣ್ಣ ಮೊತ್ತದ ಕೇಸು ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗಿ. ಒಬ್ಬ ವ್ಯಕ್ತಿ ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು. ವಿಚಾರಣೆಯಲ್ಲಿ ಯಾರ ಪರವಾಗಿಯೂ ಲಾಯರ್ ನಿಲ್ಲುವಂತಿಲ್ಲ, ನಿಮ್ಮ ಮಾತು ನೀವೇ ಆಡಬೇಕು. ಸಾಮಾನ್ಯವಾಗಿ ಫೀಸು 30ರಿಂದ 75 ಡಾಲರ್. ಜಡ್ಜ್ ಕೇಳುವುದು ಕೆಲವೇ ನಿಮಿಷ. ಕಥೆ ಬೇಡ, ಕಾಗದ ತೋರಿಸಿ. ಅದಕ್ಕೇ ಮನೆಗೆ ಬಂದ ದಿನ, ಬಿಟ್ಟ ದಿನ ಎರಡೂ ಸಲ ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಓನರ್ ಜೊತೆ ಮಾತು ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿರಲಿ. ಕೇಸು ಹಾಕಿದವರು ಸೋತರೆ ಅಪೀಲು ಇಲ್ಲ, ತಯಾರಾಗಿಯೇ ಹೋಗಿ. ಗೆದ್ದರೂ ಕೋರ್ಟು ಹಣ ವಸೂಲಿ ಮಾಡಿಕೊಡುವುದಿಲ್ಲ. ಅದಕ್ಕೆ ಬೇರೆ ಫಾರಂ ಇವೆ, ಗುಮಾಸ್ತರನ್ನು ಕೇಳಿ.

ಜ್ಯೂರಿ ಕಾಗದ
ಜ್ಯೂರಿ ಎಂದರೆ ಕೇಸು ಕೇಳಿ ತೀರ್ಪು ಹೇಳಲು ಕೋರ್ಟು ಕರೆಸುವ ಸಾಮಾನ್ಯ ಜನರ ಗುಂಪು. ಅದಕ್ಕೆ ಕರೆಯುವ ಕಾಗದ ಡ್ರೈವಿಂಗ್ ಲೈಸೆನ್ಸ್ ಇದ್ದವರಿಗೆಲ್ಲ ಬರಬಹುದು. ಜ್ಯೂರಿಯಲ್ಲಿ ಕೂರುವುದು ಅಮೆರಿಕದ ನಾಗರಿಕರು ಮಾತ್ರ. ಕಸದ ಬುಟ್ಟಿಗೆ ಹಾಕಬೇಡಿ, "ನಾನು ನಾಗರಿಕನಲ್ಲ" ಎಂದು ಗುರುತು ಹಾಕಿ ಕಳಿಸಿ. ನಾಗರಿಕ ಎಂದು ಸುಳ್ಳು ಬರೆದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು.

ಮನೆಯೊಳಗಿನ ಹಿಂಸೆ
ಪೆಟ್ಟು ಬೀಳುತ್ತಿದ್ದರೆ 911ಕ್ಕೆ ಕರೆ ಮಾಡಿ, ಮರ್ಯಾದೆ ಹೋಗುತ್ತದೆ ಎಂದು ಸಹಿಸಬೇಡಿ. ಕೇಸು ನಡೆಸುವುದು ಸರ್ಕಾರಿ ವಕೀಲರು. ಹೆಂಡತಿ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೂ ಅದು ತಾನಾಗಿ ನಿಲ್ಲುವುದಿಲ್ಲ. ದೂರು ತೆಗೆಸಿ ಎಂದು ನಮ್ಮ ಸಂಘದ ಹಿರಿಯರ ಹತ್ತಿರ ಬರಬೇಡಿ. ಆ ಪಂಚಾಯಿತಿ ನಾವು ಮಾಡುವುದಿಲ್ಲ. ಆರೋಪ ಹೊತ್ತವರು ತಪ್ಪು ಒಪ್ಪಿಕೊಳ್ಳುವ ಮೊದಲು ವೀಸಾಕ್ಕೆ ಏನಾಗುತ್ತದೆ ಎಂದು ಲಾಯರನ್ನು ಕೇಳಲಿ. ಲಾಯರಿಗೆ ಕೊಡಲು ಹಣವಿಲ್ಲದಿದ್ದರೆ ಕೋರ್ಟೇ ಪಬ್ಲಿಕ್ ಡಿಫೆಂಡರ್, ಅಂದರೆ ಸರ್ಕಾರದ ಖರ್ಚಿನ ಲಾಯರ್ ಕೊಡುತ್ತದೆ.

ಭಾಷೆ
ಕೋರ್ಟಿನಲ್ಲಿ ದುಭಾಷಿ ಉಚಿತ. ಕನ್ನಡ ಬೇಕೆಂದು ಮೊದಲೇ ಹೇಳಿ, ಹುಡುಕಲು ಅವರಿಗೆ ಸಮಯ ಬೇಕು. ಅಪ್ಪ ಅಮ್ಮನ ಪರವಾಗಿ ಮಾತಾಡಲು ಮಕ್ಕಳನ್ನು ನಿಲ್ಲಿಸಬೇಡಿ.